ಹಳ್ಳಿಯನ್ನು ಪಟ್ಟಣದಲ್ಲಿ ಕೂಡಿಸುವ ಪ್ರಶ್ನೆ

ಒಂದು ಊರಿನ ಹೆಸರು ಸರಕಾರದ ದಫ್ತರದಿಂದ ಅಳಿದುಹೋಗಬೇಕಾದರೆ ಹಿಂದೆ ದಂಡು ಬರಬೇಕಾಗಿತ್ತು, ಇಲ್ಲವೆ ಹೊಳೆಗೆ ಮಹಾಪೂರ ಬರಬೇಕಾಗಿತ್ತು. ಈಗ ರಾಜ್ಯಪತ್ರದಲ್ಲಿ ಒಂದು ಪ್ರಕಟಣೆ ಹೊರಟರೆ ಸಾಕು. ನಿನ್ನೆಯವರೆಗೆ ತನ್ನದೇ ಪಂಚಾಯತಿ, ತನ್ನದೇ ಅಧ್ಯಕ್ಷರು, ತನ್ನದೇ ಸಭೆ ಎಂದು ಇದ್ದ ಗ್ರಾಮವು ಮರುದಿನ ನೆರೆಯ ಪಟ್ಟಣದ ಒಂದೋ ಎರಡೋ ವಾರ್ಡುಗಳಾಗಿ ಎಣಿಕೆಗೆ ಬರುವದು. ಮನೆಗಳು ಅಲ್ಲಿಯೇ ಇರುವವು, ಬಾವಿಯೂ ಗುಡಿಯೂ ಮಸೀದಿಯೂ ಅಲ್ಲಿಯೇ ಇರುವವು. ಆದರೆ ಆ ಊರಿನ ಮಾತನ್ನು ಆಡುವ ಬಾಯಿ ಮಾತ್ರ ಬೇರೆ ಕಡೆಗೆ ಹೋಗಿರುವದು. ಈ ಬದಲಾವಣೆಯು ಒಳ್ಳೆಯದೋ ಕೆಟ್ಟದ್ದೋ ಎಂಬದನ್ನು ಯಾದಗಿರಿ, ಶಹಾಪುರ, ಸುರಪುರಗಳ ಉದಾಹರಣೆಯನ್ನು ಮುಂದಿಟ್ಟುಕೊಂಡು ವಿಚಾರಿಸುವದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಈ ಮೂರೂ ಪಟ್ಟಣಗಳಲ್ಲಿ ಇಂದು ನಗರಸಭೆಗಳಿರುವವು. ಮೂರಕ್ಕೂ 31 ವಾರ್ಡುಗಳು. 2011ರ ಜನಗಣತಿಯಲ್ಲಿ ಸುರಪುರ, ಶಹಾಪುರಗಳು ತಲಾ 50 ಸಾವಿರವನ್ನು ದಾಟಿದ್ದವು; ಯಾದಗಿರಿಯು 70 ಸಾವಿರವನ್ನು ಮೀರಿತ್ತು. ಈ ಸಂಖ್ಯೆಗಳೊಳಗೆ ಹಳೆಯ ಹಳ್ಳಿಗಳ ಸಂಖ್ಯೆಯೂ ಸೇರಿರುವದೆಂಬದನ್ನು ಹೊರಗಿನವರು ಅರಿಯರು. ಸುರಪುರದವರಿಗೆ ರಂಗಂಪೇಟೆ, ತಿಮ್ಮಾಪುರ ಎಂದರೆ ಬೇರೆ ಬೇರೆ ಊರುಗಳು. ಇಂದಿಗೂ ಜನರು "ರಂಗಂಪೇಟೆಗೆ ಹೋಗಿಬರುತ್ತೇನೆ" ಎಂದೇ ಹೇಳುವರು. ಆದರೆ ಕಾಗದದ ಮೇಲೆ ಅವು ಸುರಪುರ ನಗರಸಭೆಯ ಬಡಾವಣೆಗಳು. ಶಹಾಪುರಕ್ಕೆ ಹತ್ತಿದ ಹಳಿಸಗರದ ಸ್ಥಿತಿಯೂ ಇದೇ. ಹೆಸರು ಜನರ ನಾಲಗೆಯಲ್ಲಿ ಉಳಿದಿರುವದು, ಆಡಳಿತದಲ್ಲಿ ಕರಗಿರುವದು.

ಊರುಗಳ ಏಳುಬೀಳು

ಊರುಗಳ ಅಂತಸ್ತು ಶಾಶ್ವತವಲ್ಲವೆಂಬದನ್ನು ಈ ಸಗರನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸುರಪುರದ ನಾಯಕರ ಮೊದಲಿನ ಬಲವಾದ ನೆಲೆ ವಾಗಣಗೇರಿ. 1705ರಲ್ಲಿ ಮುದುಕನಾದ ಔರಂಗಜೇಬನು ತಾನೇ ದಂಡೆತ್ತಿ ಬಂದು ಅದಕ್ಕೆ ಮುತ್ತಿಗೆ ಹಾಕಿದನು. ಆ ಬಾದಶಹನ ಕೊನೆಯ ದಂಡಯಾತ್ರೆ ಅದೇ. ಕೋಟೆಯನ್ನು ಬಿಟ್ಟ ಪಿಡ್ಡನಾಯಕನು ಗುಡ್ಡಗಳ ಮಧ್ಯದಲ್ಲಿ ಸುರಪುರವನ್ನು ಬೆಳೆಯಿಸಿದನು. ದಿಲ್ಲಿಯ ದಂಡನ್ನು ತಡೆದು ನಿಲ್ಲಿಸಿದ ವಾಗಣಗೇರಿಯು ಇಂದು ಸುರಪುರ ತಾಲೂಕಿನ ಒಂದು ಗ್ರಾಮ. ಅದರ ಆಶ್ರಯ ತಪ್ಪಿದವರು ಕಟ್ಟಿದ ಸುರಪುರವು ನಗರಸಭೆಯ ಊರು.

ಜನರನ್ನು ಕೇಳದೆ ಸೀಮೆಗಳನ್ನು ಕೂಡಿಸುವ ಪದ್ಧತಿಯೂ ಇಲ್ಲಿಗೆ ಹೊಸದಲ್ಲ. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ಅವರು ಮುಟ್ಟುಗೋಲು ಹಾಕಿಕೊಂಡು, 1860ರ ಕೌಲಿನಲ್ಲಿ ನಿಜಾಮನಿಗೆ ಒಪ್ಪಿಸಿಬಿಟ್ಟರು. ಅದೇ ಕೌಲಿನಲ್ಲಿ ನಿಜಾಮನ 50 ಲಕ್ಷದ ಸಾಲವೂ ಮಾಫಿಯಾಯಿತು. ಸುರಪುರದ ಪ್ರಜೆಯು ಆ ಲೆಕ್ಕದ ಪುಸ್ತಕದಲ್ಲಿ ಒಂದು ಬಾಬು ಮಾತ್ರ. ಮುಂದೆ 1905ರವರೆಗೆ ಸುರಪುರ, ಶಹಾಪುರಗಳು ಲಿಂಗಸೂಗೂರು ಜಿಲ್ಹೆಗೆ ಸೇರಿದ್ದವು. ಆ ಜಿಲ್ಹೆಯನ್ನು ಮುರಿದು ಇವನ್ನು ಕಲಬುರ್ಗಿಗೆ ಹಚ್ಚಿದರು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಕೂಡಿತು. 1956ರಲ್ಲಿ ಈ ಭಾಗವು ಕನ್ನಡನಾಡಿನಲ್ಲಿ ಕೂಡಿತು. 2009ರ ಕೊನೆಯಲ್ಲಿ ಯಾದಗಿರಿಯು ತಾನೇ ಜಿಲ್ಹೆಯಾಯಿತು. ಇವುಗಳಲ್ಲಿ ಕೊನೆಯ ಮೂರು ಬದಲಾವಣೆಗಳನ್ನು ಜನರು ಬೇಡಿ, ಹೋರಾಡಿ ಪಡೆದರು. ಮೊದಲಿನವು ಅವರ ತಲೆಯ ಮೇಲೆ ಬಿದ್ದವು. ಬೇಡಿ ಪಡೆದುದರ ಮೇಲೆ ಜನರಿಗೆ ಮಮತೆ ಇರುವದು, ತಲೆಯ ಮೇಲೆ ಬಿದ್ದುದರ ಮೇಲೆ ಇರುವದಿಲ್ಲ. ಹಳ್ಳಿಯನ್ನು ಪಟ್ಟಣಕ್ಕೆ ಕೂಡಿಸುವ ಸಣ್ಣ ಕೆಲಸದಲ್ಲಿಯೂ ಈ ದೊಡ್ಡ ಪಾಠವನ್ನು ಮರೆಯತಕ್ಕದ್ದಲ್ಲ.

ಕಾಯಿದೆಯ ಅಳತೆಗೋಲು

ಯಾವ ಪ್ರದೇಶವು ಪಟ್ಟಣವೆನಿಸಿಕೊಳ್ಳಬೇಕೆಂಬದನ್ನು ಅಧಿಕಾರಿಗಳ ಮನಸ್ಸಿಗೆ ಬಿಟ್ಟಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತಕ್ಕೆ ಹುಟ್ಟುವ ವರಮಾನ, ಒಕ್ಕಲುತನವಲ್ಲದ ಉದ್ಯೋಗಗಳ ಪ್ರಮಾಣ ಇವುಗಳನ್ನು ನೋಡಿ ನಿರ್ಧರಿಸಬೇಕೆಂದು ಹೇಳಿತು. ಕರ್ನಾಟಕದ 1964ರ ಪುರಸಭೆಗಳ ಕಾಯಿದೆಯು ಇವಕ್ಕೆ ಅಂಕಿಗಳನ್ನು ಕೊಟ್ಟಿರುವದು. ಪಟ್ಟಣ ಪಂಚಾಯತಿಗೆ 10 ಸಾವಿರದಿಂದ 20 ಸಾವಿರ ಜನ, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ. ಪುರಸಭೆಗೆ 20 ಸಾವಿರದಿಂದ 50 ಸಾವಿರ ಜನ, ಚದರ ಕಿಲೋಮೀಟರಿಗೆ 1,500 ಜನರ ಸಾಂದ್ರತೆ. ಎರಡಕ್ಕೂ ಸಮಾನವಾದ ಇನ್ನೊಂದು ನಿಯಮವಿದೆ: ದುಡಿಯುವವರಲ್ಲಿ ನೂರಕ್ಕೆ 50ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಒಕ್ಕಲುತನದ ಹೊರಗಿನ ಕಸುಬಿನಲ್ಲಿರಬೇಕು.

ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಅರ್ಥವತ್ತಾದುದು. ಪಟ್ಟಣವೆಂದರೆ ಜನರ ಗುಂಪು ಮಾತ್ರವಲ್ಲ, ಜೀವನದ ಒಂದು ರೀತಿ. ಅಂಗಡಿ, ಕಚೇರಿ, ಮಗ್ಗ, ಕಾರಖಾನೆ, ಸಾರಿಗೆ ಇವುಗಳಿಂದ ಹೊಟ್ಟೆ ಹೊರೆಯುವ ಜನರಿರುವಲ್ಲಿ ಪಟ್ಟಣ. ಮಳೆಯನ್ನೋ ಕಾಲುವೆಯನ್ನೋ ನೋಡಿಕೊಂಡು ತೊಗರಿ, ಹತ್ತಿ, ಜೋಳ, ಭತ್ತ ಬೆಳೆಯುವವರಿರುವಲ್ಲಿ ಹಳ್ಳಿ. ಯಾದಗಿರಿ ಜಿಲ್ಹೆಯಲ್ಲಿ 2011ರಲ್ಲಿ ನೂರಕ್ಕೆ 81 ಜನರು ಹಳ್ಳಿಗಳಲ್ಲಿಯೇ ಇದ್ದರು. ಅಂಥ ಸೀಮೆಯಲ್ಲಿ ಜನಸಂಖ್ಯೆಯ ಅಂಕಿಯೊಂದನ್ನೇ ಹಿಡಿದು ನಾಲ್ಕಾರು ಗ್ರಾಮಗಳನ್ನು ಗೆರೆಯೊಳಗೆ ಸೇರಿಸಿ ಪಟ್ಟಣವೆಂದು ಕರೆದರೆ, ನೇಗಿಲು ಹೊತ್ತವನು ಮರುದಿನ ನಾಗರಿಕನಾಗುವನೇ? ಅವನ ದುಡಿಮೆ ಮೊದಲಿನಂತೆಯೇ ನಡೆಯುವದು. ಕಾಗದಪತ್ರಗಳು ಬೇರೆಯಾಗುವವು, ಅಷ್ಟೇ.

ಕೂಡಿಕೆಯಲ್ಲಿ ಎರಡು ಬಗೆಗಳಿರುವವೆಂಬದನ್ನು ಇಲ್ಲಿ ಗಮನಿಸಬೇಕು. ರಂಗಂಪೇಟೆಯಂಥ ಊರು ಪಟ್ಟಣಕ್ಕೆ ಹತ್ತಿಕೊಂಡು ಬೆಳೆದುದು. ಬೀದಿಗೆ ಬೀದಿ, ಸಂತೆಗೆ ಸಂತೆ ಕೂಡಿಕೊಂಡ ಮೇಲೆ ಆಡಳಿತವೂ ಒಂದಾಗುವದು ಸಹಜ. ಇನ್ನೊಂದು ಬಗೆಯನ್ನು ಸುರಪುರ ಸೀಮೆಯ ಕಕ್ಕೇರಿಯಲ್ಲಿ ನೋಡಬಹುದು. ಗ್ರಾಮ ಪಂಚಾಯತಿಯ ಊರಾಗಿದ್ದು ಈಚೆಗೆ ಪುರಸಭೆಯಾದ ಈ ಸ್ಥಳದ ಸುತ್ತಲೂ ಹೊಲಗಳಲ್ಲಿ ದೊಡ್ಡಿಗಳು ಚೆದುರಿರುವವು. ಒಂದು ದೊಡ್ಡಿಗೂ ಇನ್ನೊಂದು ದೊಡ್ಡಿಗೂ ನಡುವೆ ಬೆಳೆ ನಿಂತಿರುವದು. ಬೆಳೆದು ಕೂಡಿದ ಊರು ಬೇರೆ, ಗೆರೆ ಎಳೆದು ಕೂಡಿಸಿದ ಊರು ಬೇರೆ. ಎರಡಕ್ಕೂ ಒಂದೇ ಅಂಗಿಯನ್ನು ಹೊಲಿಯುವದು ಜಾಣತನವಲ್ಲ.

ಲಾಭದ ಕಡೆ

ಹಳ್ಳಿಯ ಮೇಲಣ ಅಭಿಮಾನದಿಂದ ಪಟ್ಟಣದ ನ್ಯಾಯವನ್ನು ಅಲ್ಲಗಳೆಯುವದು ನಮ್ಮ ಉದ್ದೇಶವಲ್ಲ. ಕೂಡಿಕೆಯ ಪರವಾಗಿ ಹೇಳುವ ಮಾತುಗಳಲ್ಲಿ ಹುರುಳಿದೆ. ಪಟ್ಟಣದ ಅಂಚಿನ ಗ್ರಾಮವು ಪಟ್ಟಣದ ರಸ್ತೆ, ಆಸ್ಪತ್ರೆ, ಕಾಲೇಜು, ಮಾರುಕಟ್ಟೆಗಳನ್ನು ಬಳಸುವದು. ಅವುಗಳ ವೆಚ್ಚದಲ್ಲಿ ಪಾಲುಗೊಳ್ಳದಿರುವದು ನ್ಯಾಯವಾಗಲಾರದು. ಹೊಲಗಳು ನಿವೇಶನಗಳಾಗಿ ಮಾರ್ಪಡುವ ಕಾಲದಲ್ಲಿ, ಐದಾರು ಸಾವಿರ ಜನರ ಪಂಚಾಯತಿಯೊಂದು ಒಳಚರಂಡಿಯನ್ನು ಕಟ್ಟಲಾರದು, ಬಡಾವಣೆಗಳ ನಕಾಶೆಯನ್ನು ತಪಾಸಣೆ ಮಾಡಲಾರದು. ಸುರಪುರದಂಥ ಗುಡ್ಡದ ಊರಿನಲ್ಲಿ ನೀರನ್ನು ಮೇಲಕ್ಕೆ ಏರಿಸಿ ಹಂಚುವ ಕೆಲಸವನ್ನು ಕೇರಿಗೊಬ್ಬರಂತೆ ಬೇರೆ ಬೇರೆ ಸಂಸ್ಥೆಗಳು ನಡೆಸಿದರೆ ಯಾರಿಗೂ ನೀರು ಸಿಗದು. ಮಳೆಯ ನೀರಿಗೆ, ಗಟಾರಕ್ಕೆ, ರೋಗಕ್ಕೆ ಪಂಚಾಯತಿಯ ಸೀಮೆ ಗೊತ್ತಿರುವದಿಲ್ಲ. ಒಂದೇ ಜಲಾನಯನದಲ್ಲಿರುವ ಮನೆಗಳಿಗೆ ಒಂದೇ ಆಡಳಿತವು ಒಳ್ಳೆಯದೆಂಬದನ್ನು ನಾವು ಒಪ್ಪುತ್ತೇವೆ.

ಆದರೆ ಲಾಭವು ಬರಬೇಕಾದರೆ ಅದನ್ನು ತರುವ ಹಣವೂ ಬರಬೇಕು. ಬೆಂಗಳೂರಿನ ಉದಾಹರಣೆಯನ್ನು ನೋಡಿರಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸುವಾಗ ಏಳು ನಗರಸಭೆಗಳು, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಅದರಲ್ಲಿ ಕೂಡಿಸಿದರು. ಆ ಹಳ್ಳಿಗಳಿಗಾಗಿ ಯೋಜಿಸಿದ ಕಾವೇರಿ ನೀರಿನ ಐದನೆಯ ಹಂತವು ಉದ್ಘಾಟನೆಯಾದದ್ದು 2024ರ ಅಕ್ಟೋಬರದಲ್ಲಿ. ನಡುವೆ ಕಳೆದುವು ಹದಿನೇಳು ವರುಷಗಳು. ಮರುವರುಷವೇ ಆ ಮಹಾನಗರಪಾಲಿಕೆಯೂ ಇಲ್ಲದಾಗಿ, ಅದರ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದವು. ರಾಜಧಾನಿಯ ಸಿರಿಯ ಮಗ್ಗುಲಲ್ಲಿದ್ದ ಹಳ್ಳಿಗಳಿಗೇ ಇಷ್ಟು ಕಾಲ ಹಿಡಿದಿದ್ದರೆ, ಯಾದಗಿರಿ ಜಿಲ್ಹೆಯ ಬಡ ನಗರಸಭೆಗಳಿಗೆ ಸೇರುವ ಹಳ್ಳಿಗಳು ಎಷ್ಟು ಕಾಲ ಕಾಯಬೇಕಾಗುವದೆಂಬದನ್ನು ವಾಚಕರೇ ಊಹಿಸಬಹುದು.

ಕಳೆದುಕೊಳ್ಳುವದು ಯಾವದು?

ಮೊದಲನೆಯದಾಗಿ, ಪ್ರತಿನಿಧಿ. ಕರ್ನಾಟಕದ 1993ರ ಪಂಚಾಯತ ರಾಜ ಕಾಯಿದೆಯ ಮೇರೆಗೆ ಗ್ರಾಮ ಪಂಚಾಯತಿಯಲ್ಲಿ ಪ್ರತಿ 400 ಜನರಿಗೆ ಒಬ್ಬ ಸದಸ್ಯನಿರುವನು. 50 ಸಾವಿರ ಜನರ ನಗರಸಭೆಯಲ್ಲಿ 31 ಸದಸ್ಯರೆಂದರೆ, 1,600 ಜನರಿಗೆ ಒಬ್ಬನಾಗುವನು. 3,200 ಜನರ ಹಳ್ಳಿಯೊಂದನ್ನು ಎಣಿಕೆಗೆ ತೆಗೆದುಕೊಳ್ಳೋಣ. ಪಂಚಾಯತಿಯಲ್ಲಿ ಅದರ ಎಂಟು ಜನರು ಕೂಡುತ್ತಿದ್ದರು. ನಗರಸಭೆಯಲ್ಲಿ ಇಬ್ಬರು ಕೂಡುವರು, ಉಳಿದ 29 ಮಂದಿ ಬೇರೆ ಕೇರಿಯವರು. ಎಂಟು ಜನರಲ್ಲಿ ಹೆಂಗಸರಿಗೆ, ಹಿಂದುಳಿದವರಿಗೆ, ಹರಿಜನ ಗಿರಿಜನರಿಗೆ ಸ್ಥಾನಗಳಿದ್ದು, ಊರಿನ ಎಲ್ಲ ಓಣಿಗಳ ಮಾತು ಕೇಳಿಬರುತ್ತಿತ್ತು. ಇಬ್ಬರಲ್ಲಿ ಅದು ಹೇಗೆ ಸಾಧ್ಯ?

ಎರಡನೆಯದಾಗಿ, ಗ್ರಾಮಸಭೆ. ಹಳ್ಳಿಯ ಮತದಾರರೆಲ್ಲರೂ ವರುಷಕ್ಕೆ ಎರಡಾವರ್ತಿಯಾದರೂ ಕೂಡಿ, ಲೆಕ್ಕವನ್ನು ಕೇಳಿ, ಸರಕಾರದ ಮನೆಗಳು ಯಾರಿಗೆ ಸಲ್ಲಬೇಕೆಂದು ಆರಿಸುವ ಹಕ್ಕನ್ನು ಕಾಯಿದೆಯು ಕೊಟ್ಟಿರುವದು. ಅನೇಕ ಕಡೆಗಳಲ್ಲಿ ಆ ಸಭೆಯು ಹಾಜರಿ ಪುಸ್ತಕದಲ್ಲಿಯೇ ಮುಗಿಯುವದೆಂಬದು ನಿಜ. ಆದರೂ ಕೇಳುವ ಧೈರ್ಯವುಳ್ಳವನಿಗೆ ಕೇಳುವ ಸ್ಥಳವೊಂದು ಇದೆ. ಪಟ್ಟಣಗಳಲ್ಲಿಯಾದರೋ ಮೂರು ಲಕ್ಷ ಇಲ್ಲವೆ ಅದಕ್ಕೂ ಹೆಚ್ಚು ಜನರಿರುವಲ್ಲಿ ಮಾತ್ರ ವಾರ್ಡು ಸಮಿತಿಗಳಿರಲೇಬೇಕೆಂದು ಸಂವಿಧಾನವು ಹೇಳುವದು. ನಮ್ಮ ಮೂರು ಪಟ್ಟಣಗಳಲ್ಲಿ ಯಾವದೂ ಆ ಸಂಖ್ಯೆಯ ಹತ್ತಿರಕ್ಕೂ ಬಾರದು. ಹಳ್ಳಿಯವನು ಪಟ್ಟಣಿಗನಾದ ದಿನ ತನ್ನ ಸಭೆಯನ್ನು ಕಳೆದುಕೊಳ್ಳುವನು. ಅದರ ಬದಲಾಗಿ ಸಂವಿಧಾನವು ಖಾತರಿ ಕೊಟ್ಟ ಇನ್ನೊಂದು ಸಭೆಯು ಅವನಿಗೆ ಸಿಗದು.

ಮೂರನೆಯದಾಗಿ, ಕೂಲಿ. 2005ರ ಉದ್ಯೋಗ ಖಾತರಿ ಕಾಯಿದೆಯು ಗ್ರಾಮೀಣ ಕುಟುಂಬಕ್ಕೆ ವರುಷಕ್ಕೆ 100 ದಿನಗಳ ಕೆಲಸದ ಹಕ್ಕನ್ನು ಕೊಟ್ಟಿತು; 2025ರ ಡಿಸೆಂಬರದಲ್ಲಿ ಅದರ ಬದಲು ಅಂಗೀಕೃತವಾದ ಹೊಸ ಕಾಯಿದೆಯು 125 ದಿನಗಳೆಂದು ಹೇಳುವದು. ಎರಡೂ ಗ್ರಾಮೀಣ ಪ್ರದೇಶಕ್ಕಾಗಿ ಮಾಡಿದವು. ಪಟ್ಟಣದ ಸೀಮೆಯೊಳಗೆ ಬಿದ್ದ ಹೊಲಗೂಲಿಗೆ ಅವು ಅನ್ವಯಿಸವು. ಬೇಸಗೆ ಬಂದೊಡನೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋಗುವ ಈ ಜಿಲ್ಹೆಯಲ್ಲಿ ಇದು ಸಣ್ಣ ಮಾತಲ್ಲ. ದೊಡ್ಡಿಯಲ್ಲಿರುವ ಕೂಲಿಕಾರನ ಬದುಕಿನಲ್ಲಿ ಪುರಸಭೆಯು ಬಂದಿತೆಂಬದರ ಮೊದಲನೆಯ ಗುರುತು ಅವನ ಕೆಲಸದ ಚೀಟಿಗೆ ಬೆಲೆಯಿಲ್ಲದಾದದ್ದೇ ಆದರೆ, ಅವನು ಆ ಪುರಸಭೆಯನ್ನು ಹೇಗೆ ಹರಸಿಯಾನು?

ನಾಲ್ಕನೆಯದಾಗಿ, ಮಕ್ಕಳ ಭವಿಷ್ಯ. ಕರ್ನಾಟಕದ 2000ನೆಯ ಇಸವಿಯ ಕಾಯಿದೆಯೊಂದರ ಮೇರೆಗೆ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಗಳಲ್ಲಿ ಕಲಿತವರಿಗೆ ಸರಕಾರಿ ನೇಮಕಗಳಲ್ಲಿ ನೂರಕ್ಕೆ 25 ಸ್ಥಾನಗಳು ಮೀಸಲಾಗಿರುವವು. ಊರು ಪಟ್ಟಣವಾದರೆ ಅದರ ಶಾಲೆಯು ಗ್ರಾಮೀಣ ಶಾಲೆಯಾಗಿ ಉಳಿಯದು. ಅದೇ ಸೋರುವ ಮಾಡು, ಅವರೇ ಮಾಸ್ತರರು, ಅವೇ ಮಕ್ಕಳು. ಆದರೆ ಹಕ್ಕು ಬೇರೆ. ಅಧಿಕಾರಿ ವರ್ಗದ ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಇಂಥ ಶಾಲೆಗಳಿಂದಲೇ ಮೇಲೆ ಬಂದವರಾದುದರಿಂದ ಈ ನಷ್ಟದ ಭಾರವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವುಗಳ ಮೇಲೆ ಕರಭಾರವೂ ಕಾಗದಪತ್ರಗಳ ತೊಡಕೂ ಕೂಡಿಕೊಳ್ಳುವವು. ಪಂಚಾಯತಿಯ ನಮೂನೆ 9, ನಮೂನೆ 11 ಎಂಬ ಉತಾರಗಳನ್ನು ಜೋಪಾನವಾಗಿ ಇಟ್ಟುಕೊಂಡವನು ಮನೆಯನ್ನು ಮಾರಲು, ಸಾಲವನ್ನು ತೆಗೆಯಲು ನಗರಸಭೆಯ ಖಾತೆಯನ್ನು ಮಾಡಿಸಿಕೊಳ್ಳಬೇಕಾಗುವದು. ಓದುಬರಹವಿಲ್ಲದವನು ಈ ದಾರಿಯಲ್ಲಿ ದಲಾಲರ ಕೈಗೆ ಸಿಕ್ಕುವದು ಸುಲಭ.

ಹೊರನಾಡಿನ ಮೇಲ್ಪಂಕ್ತಿ

ಈ ಪ್ರಶ್ನೆಯು ನಮಗೊಬ್ಬರಿಗೇ ಬಂದುದಲ್ಲ. ಫ್ರಾನ್ಸ ದೇಶದಲ್ಲಿ 1789ರ ಕ್ರಾಂತಿಯ ಕಾಲದಿಂದ ಪ್ರತಿಯೊಂದು ಊರೂ, ಅದು ಎಷ್ಟೇ ಚಿಕ್ಕದಿರಲಿ, ತನ್ನದೇ ಆದ ಸಭೆಯನ್ನೂ ಮೇಯರನನ್ನೂ ಹೊಂದಿರುವದು. 'ಕೊಮ್ಯೂನ್' ಎಂಬ ಈ ಘಟಕಗಳು ಇಂದಿಗೂ ಸುಮಾರು 35 ಸಾವಿರ ಇರುವವು. ನೂರು ಜನರೂ ಇಲ್ಲದ ಹಳ್ಳಿಗೆ ಪ್ರತ್ಯೇಕ ಆಡಳಿತವು ಭಾರವೆಂದು ತಿಳಿದು ಅಲ್ಲಿಯ ಸರಕಾರವು 1971ರಲ್ಲಿ ಹಳ್ಳಿಗಳನ್ನು ಕೂಡಿಸುವ ಕಾಯಿದೆಯನ್ನು ಮಾಡಿತು. 2010ರಲ್ಲಿ ಇನ್ನೊಂದನ್ನು ಮಾಡಿತು. ಆದರೆ ಆ ಕಾಯಿದೆಗಳ ರಚನೆಯಲ್ಲಿ ಕಲಿಯತಕ್ಕ ಅಂಶವಿದೆ. ದೊಡ್ಡ ಊರಿನಲ್ಲಿ ಸೇರಿದ ಹಳ್ಳಿಯು ತನ್ನ ಹೆಸರನ್ನೂ, ತನ್ನದೇ ಒಬ್ಬ ಉಪಮೇಯರನನ್ನೂ, ಜನನ ಮರಣಗಳನ್ನು ನಮೂದಿಸುವ ತನ್ನದೇ ಕಚೇರಿಯನ್ನೂ ಉಳಿಸಿಕೊಳ್ಳಲು ಅವಕಾಶವಿದೆ. ಹೊಸ ಕಾಯಿದೆಯಂತೆ, ಸಂಬಂಧಪಟ್ಟ ಸಭೆಗಳೆಲ್ಲವೂ ಒಮ್ಮತದಿಂದ ಕೇಳಿಕೊಳ್ಳದಿದ್ದಲ್ಲಿ ಮತದಾರರ ಅಭಿಪ್ರಾಯವನ್ನು ತೆಗೆದುಕೊಳ್ಳುವ ಏರ್ಪಾಡೂ ಇದೆ. ಕೂಡಿದ ಮೇಲೂ ಹಳ್ಳಿಯು ಹಳ್ಳಿಯಾಗಿಯೇ ಮಾತನಾಡಬಲ್ಲದು.

ಅಷ್ಟು ದೂರ ಹೋಗಲು ಇಷ್ಟವಿಲ್ಲದವರು ಪುದುಚೇರಿಯನ್ನು ನೋಡಬಹುದು. ಫ್ರೆಂಚರು 1880ರಲ್ಲಿ ಅಲ್ಲಿ ನೆಟ್ಟ ಕೊಮ್ಯೂನ್ ಪದ್ಧತಿಯ ಹೆಸರು ಇಂದಿಗೂ ಅಳಿದಿಲ್ಲ. 1973ರ ಕಾಯಿದೆಯು ಅಲ್ಲಿ ಗ್ರಾಮ ಪಂಚಾಯತಿ, ಕೊಮ್ಯೂನ್ ಪಂಚಾಯತಿ ಎಂದು ಎರಡು ಮೆಟ್ಟಲುಗಳನ್ನು ಇಟ್ಟಿತು. ಪರರ ಆಳಿಕೆಯು ಹೋದುದು ಒಳ್ಳೆಯದೇ ಆಯಿತು. ಆದರೆ ಅವರು ಬಿಟ್ಟುಹೋದ ಒಂದು ಉಪಯುಕ್ತ ವಿಚಾರವನ್ನು ಪರೀಕ್ಷಿಸಿ ನೋಡುವದರಿಂದ ನಮ್ಮ ಮಾನವೇನೂ ಕುಂದದು. ಒಂದೇ ಆಡಳಿತದೊಳಗೆ ಎರಡು ಮೆಟ್ಟಲುಗಳಿರಬಹುದು ಎಂಬದೇ ಆ ವಿಚಾರ.

ಮಾಡತಕ್ಕದ್ದೇನು?

ನಮ್ಮ ಸೂಚನೆಗಳು ನಾಲ್ಕು. ಒಂದು: ಹಳ್ಳಿಯನ್ನು ಕೂಡಿಸುವ ಕರಡು ಪ್ರಕಟಣೆಯನ್ನು ಹೊರಡಿಸಿ ಆಕ್ಷೇಪಣೆಗಳನ್ನು ಕರೆಯುವ ಕ್ರಮವು ಈಗಲೂ ಇದೆ. ಆದರೆ ರಾಜ್ಯಪತ್ರವನ್ನು ಓದುವ ರೈತನನ್ನು ನಾವು ಕಂಡಿಲ್ಲ. ಪ್ರಕಟಣೆಯನ್ನು ಗ್ರಾಮಸಭೆಯ ಮುಂದೆ ಇಟ್ಟು, ಕನ್ನಡದಲ್ಲಿ ಓದಿ ಹೇಳಿ, ಲಾಭನಷ್ಟಗಳೆರಡನ್ನೂ ತಿಳಿಸಿ, ಅದರ ಠರಾವನ್ನು ಪಡೆದ ಮೇಲೆಯೇ ಮುಂದಿನ ಕೆಲಸವು ನಡೆಯಬೇಕು. ಎರಡು: ಒಕ್ಕಲುತನದ ಹೊರಗಿನ ಉದ್ಯೋಗದ ನಿಯಮವನ್ನು ಪ್ರಾಮಾಣಿಕವಾಗಿ ಅಳೆಯಬೇಕು. ಅಳತೆಗೆ ಬಾರದ ದೊಡ್ಡಿಗಳನ್ನೂ ಕೃಷಿ ಗ್ರಾಮಗಳನ್ನೂ ಸೀಮೆಯ ಹೊರಗಿಡಬೇಕು. ಈಗಾಗಲೇ ಒಳಗೆ ಬಿದ್ದಿದ್ದರೆ ಹೊರಗೆ ತರುವ ದಾರಿಯನ್ನು ತೆರೆಯಬೇಕು. ಮೂರು: ಕೂಡಿಸಿದ ಹಳ್ಳಿಗೆ ಕೂಡಲೇ ಪಟ್ಟಣದ ಕರವನ್ನು ಹಾಕದೆ, ನೀರು, ದೀಪ, ಚರಂಡಿಗಳು ಬಂದಂತೆ ಬಂದಂತೆ ಕರವು ಏರುವ ಏರ್ಪಾಡಾಗಬೇಕು. ಸೌಕರ್ಯವು ಮುಂದೆ, ಕರವು ಹಿಂದೆ. ನಾಲ್ಕು: ಜನಸಂಖ್ಯೆಯು ಎಷ್ಟೇ ಇರಲಿ, ಕೂಡಿಸಿದ ಪ್ರತಿಯೊಂದು ಹಳ್ಳಿಗೂ ಒಂದು ವಾರ್ಡು ಸಭೆಯನ್ನು ಕೊಟ್ಟು, ಅದರ ಹಳೆಯ ಹೆಸರಿನಿಂದಲೇ ಅದನ್ನು ಕರೆಯಬೇಕು. ಆ ಊರಿನ ಗೋಮಾಳ, ಕೆರೆ, ಸ್ಮಶಾನಗಳ ವಿಷಯದಲ್ಲಿ ಆ ಸಭೆಯ ಅಭಿಪ್ರಾಯವಿಲ್ಲದೆ ನಗರಸಭೆಯು ಏನನ್ನೂ ತೀರ್ಮಾನಿಸಲಾಗದು.

ಇವುಗಳಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ; ಮನಸ್ಸು ಬೇಕು. ಎರಡನೆಯದಕ್ಕೆ ಮನೆಮನೆಗೆ ಹೋಗಿ ಎಣಿಸುವ ಶ್ರಮ ಬೇಕು. ನಾಲ್ಕನೆಯದಕ್ಕೆ ಶಾಸನಸಭೆಯವರ ತಿದ್ದುಪಡಿ ಬೇಕಾಗಬಹುದು. ಯಾದಗಿರಿ ಜಿಲ್ಹೆಯು ಸಂವಿಧಾನದ 371ಜೆ ಕಲಮಿನ ವಿಶೇಷ ರಕ್ಷಣೆಯನ್ನು ಪಡೆದ ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದು. ಹಿಂದುಳಿದ ಸೀಮೆಯೆಂದು ಒಪ್ಪಿಕೊಂಡು ಅದಕ್ಕೆ ಬೇರೆ ಕಲಮನ್ನೇ ಬರೆದ ಮೇಲೆ, ಅದೇ ಸೀಮೆಯ ಹಳ್ಳಿಗಳ ಹಕ್ಕುಗಳು ಒಂದು ಗೆರೆಯಿಂದ ಕಡಿಮೆಯಾಗುವದನ್ನು ನೋಡುತ್ತ ಕೂಡುವದು ಹೊಂದಾಣಿಕೆಯಿಲ್ಲದ ನಡತೆಯಾಗುವದು.

ಪಟ್ಟಣದ ಪುರಪ್ರಮುಖರಿಗೂ ನಮ್ಮದೊಂದು ವಿಜ್ಞಾಪನೆಯಿದೆ. ಹಳ್ಳಿಯು ಸೇರಿದುದರಿಂದ ನಿಮ್ಮ ನಗರಸಭೆಯ ಅಂತಸ್ತು ಏರಿರುವದು, ಅನುದಾನವೂ ಹೆಚ್ಚಿರುವದು. ಆ ಹಣದಲ್ಲಿ ಹಳ್ಳಿಯ ತಲೆಗಳ ಎಣಿಕೆಯೂ ಸೇರಿರುವದೆಂಬದನ್ನು ಅಂದಾಜುಪತ್ರಿಕೆಯನ್ನು ಬರೆಯುವ ದಿನ ನೆನೆಯಿರಿ. ಪೇಟೆಯ ನಡುಬೀದಿಗೆ ಎರಡನೆಯ ಸಲ ಡಾಂಬರು ಹಾಕುವ ಮೊದಲು ಅಂಚಿನ ಓಣಿಗೆ ಒಂದು ಸಲವಾದರೂ ಜಲ್ಲಿಯನ್ನು ಸುರಿಯಿರಿ. ಬಲವಂತದಿಂದ ಒಂದಾದುದು ಗೆರೆಯ ಮೇಲೆ ಮಾತ್ರ ಒಂದಾಗಿರುವದು. ರಂಗಂಪೇಟೆಯವನು ಸುರಪುರದವನೆಂದೂ, ಹಳಿಸಗರದವನು ಶಹಾಪುರದವನೆಂದೂ ಮನಃಪೂರ್ವಕವಾಗಿ ಹೇಳಿಕೊಳ್ಳಬೇಕಾದರೆ, ಆ ಪಟ್ಟಣಗಳು ಅವನ ಮನೆಯ ಮುಂದಿನ ನಲ್ಲಿಯಲ್ಲಿ, ಅವನ ಓಣಿಯ ದೀಪದಲ್ಲಿ, ಅವನ ಮಾತನ್ನು ಕೇಳುವ ಸಭೆಯಲ್ಲಿ ಕಾಣಿಸಿಕೊಳ್ಳಬೇಕು.